ಬೈಪಾಸ್ ಬಿಟ್ಟು ಊರಾಗ ಬರ್ರಿ

ನಮಸ್ಕಾರ್ರಿ. ಪುಣೆದಿಂದ ವಿಜಯಪುರಕ್ಕ ಎಷ್ಟು ತಾಸು ಅಂತ ಫೋನಿನ ಮ್ಯಾಪ್ ಕೇಳಿದ್ರ, ಸೋಲಾಪುರ ಹಾದು ಸುಮಾರು ಏಳು ತಾಸು ಅಂತದ. ಈ ಸಂಕ್ರಾಂತಿಗೆ ನಮಗ ಹಿಡಿದದ್ದು ಎರಡೂವರೆ ದಿನ. ಗಾಡಿ ಕೆಟ್ಟಿರಲಿಲ್ಲ, ರಸ್ತೆ ಬಂದ್ ಇರಲಿಲ್ಲ. ನಡುವ ನೆಂಟರು ಇದ್ರು, ಅಷ್ಟ.

ಪುಣೆದಾಗ ನಮ್ಮ ಕಡೆ ಮಂದಿ ಏನ್ ಕಡಿಮಿ ಇಲ್ಲ. ಹಬ್ಬಕ್ಕ ಊರಿಗೆ ಹೋಗೋದು ಅಂದ್ರ ರಾತ್ರಿ ಬಸ್ ಹತ್ತೋದು, ಮುಸುಕು ಹಾಕಿ ಮಲಗೋದು, ಕಣ್ಣು ತೆರೆದ್ರ ವಿಜಯಪುರ. ಸ್ವಂತ ಗಾಡಿ ತಗೊಂಡವರದೂ ಅದ ಹಾಡು. ಒಂದೂರು ಬೈಪಾಸಿಂದ, ಒಂದೂರು ಫ್ಲೈಓವರ್ ಮ್ಯಾಲಿಂದ. ಕೆಳಗ ಸ್ವಂತ ಕಾಕಾನ ಮನಿ ಇರ್ತದ, ನಾವು ಮ್ಯಾಲಿಂದ ಎಂಬತ್ತರ ವೇಗದಾಗ ಹಾರಿ ಹೋಗ್ತೀವಿ. ನಾನೂ ಹನ್ನೊಂದು ವರ್ಷ ಹಂಗ ಹೋಗೀನಿ, ಅದಕ್ಕ ಧೈರ್ಯದಲೆ ಹೇಳ್ತೀನಿ: ಮದುವಿ ಹಾಲ್‌ನಾಗ ಅಕ್ಷತಾ ಒಗೆದು, ಕೈ ಮುಗಿದು, ಊಟದ ಪಾಳಿ ಹಚ್ಚೋದಕ್ಕ ಭೆಟ್ಟಿ ಅನ್ನಬ್ಯಾಡ್ರಿ. ಮನಿಗೆ ಹೋಗ್ರಿ.

ಈ ನೆಂಟರು ಈ ರಸ್ತೆಗುಂಟ ಹೆಂಗ ಬಂದ್ರು ಅಂತ ನಿಮಗ ಅನ್ನಿಸಬಹುದು. ನಮ್ಮ ಆಯಿ ಸೋಲಾಪುರ ಜಿಲ್ಲಾದ ಮೊಹೋಳ ಕಡೆಯಿಂದ ವಿಜಯಪುರ ಜಿಲ್ಲಾದ ಇಂಡಿ ತಾಲೂಕಿಗೆ ಮದುವಿ ಆಗಿ ಬಂದಾಗ ನಡುವ ಯಾವ ಗಡಿನೂ ಇರಲಿಲ್ಲ. ಸೋಲಾಪುರನೂ ವಿಜಯಪುರನೂ ಎರಡೂ ಮುಂಬೈ ರಾಜ್ಯದಾಗ. 1956ರ ನವೆಂಬರ್ ಒಂದಕ್ಕ ವಿಜಯಪುರ ಈ ಕಡೆ ಬಂತು, ಸೋಲಾಪುರ ಆ ಕಡೆ ಉಳೀತು. ಆಯಿ ಪಾಲಿಗೆ ತವರಿಗೂ ಗಂಡನ ಮನಿಗೂ ನಡುವ ಇದ್ದದ್ದು ಭೀಮಾ ನದಿ ಒಂದ. ಗಡಿ ಹಾಕಿದವರು ಬೀಗರ ಪಟ್ಟಿ ಕೇಳಿರಲಿಲ್ಲ ನೋಡ್ರಿ.

ಮೊದಲು ಇಂದಾಪುರದ ಅತ್ತಿ. ಅದಕ್ಕಿಂತ ಮೊದಲು ಭಿಗವಣದಾಗ ಹುಡುಗರಿಗೆ ಫ್ಲೆಮಿಂಗೋ ತೋರಿಸಿದ್ವಿ. ಉಜನಿ ಡ್ಯಾಮಿನ ಹಿನ್ನೀರಿಗೆ ಚಳಿಗಾಲದಾಗ ಬರ್ತಾವ ಅವು. ಅತ್ತಿ ಒಂದ ಮಾತು ಅಂದಳು, "ಅಷ್ಟು ದೂರದಿಂದ ಹಕ್ಕಿ ವರ್ಷಾ ಬರ್ತಾವ, ನೀ ಪುಣೆದಿಂದ ಈಗ ಬಂದಿ." ಚಹಾ ಗಂಟಲಾಗ ಸಿಕ್ಕೊಂಡ್ತು.

ಮೊಹೋಳದ ಕಾಕಾನ ಹೊಲ ಮಾತ್ರ ನಾ ಮರೆಯಂಗಿಲ್ಲ. ನಮ್ಮ ವಿಜಯಪುರದ ಬಿಳಿಜೋಳ ಅಂತ ನಾವು ಎದಿ ಉಬ್ಬಿಸ್ತೀವಲ್ಲ, ಆ ಎಂ 35-1 ತಳಿ, ಮಾಲದಂಡಿ, ಆಯ್ದು ತೆಗೆದದ್ದ ಈ ಮೊಹೋಳದಾಗ. ಇದನ್ನ ಕಾಕಾ ನನಗ ಮೂರು ಸಲ ಹೇಳಿದ್ರು, ಮೂರನೇ ಸಲ ಬಹಳ ನಿಧಾನಕ್ಕ. ಸೀತನಿಗೆ ಅಂತ ಬದುವಿನ ಹತ್ರ ನಾಕು ಸಾಲು ಬ್ಯಾರೆ ಜೋಳ ಬಿತ್ತಿದ್ರು. ಕುಳ್ಳಿನ ಕೆಂಡದಾಗ ತೆನಿ ಸುಟ್ಟು, ಬಿಸಿಬಿಸಿ ಇದ್ದಾಗನ ಅಂಗೈಯಾಗ ತಿಕ್ಕಿ, ಹೊಟ್ಟು ಊದಿ, ಹಸರು ಕಾಳು ನನ್ನ ಮಗಳ ಬೊಗಸಿಗೆ ಹಾಕಿದ್ರು. ಜೊತಿಗೆ ಶೇಂಗಾ ಚಟ್ನಿ, ಬೆಲ್ಲ. ಕಾಕಾನ ಅಂಗೈ ಕೆಂಪಾಗಿತ್ತು, ಆದ್ರೂ ತಿಕ್ಕೋದು ಬಿಡಲಿಲ್ಲ.

ಇದನ್ನ ಪುಣೆದಾಗ ಏನಂತಾರ ಗೊತ್ತಲ್ಲ? ಹುರಡಾ ಪಾರ್ಟಿ. ತಲಿಗೆ ಇಷ್ಟು ಅಂತ ರೊಕ್ಕ ಕೊಟ್ಟು, ಮೊದಲ ಬುಕಿಂಗ್ ಮಾಡಿ, ಯಾರದೋ ಹೊಲದಾಗ ಎತ್ತಿನ ಬಂಡಿ ಹತ್ತಿ ಫೋಟೋ ತಗೋತಾರ. ನಾನೂ ಎರಡು ವರ್ಷ ಆಫೀಸಿನವರ ಜೊತಿ ಹೋಗೀನಿ. ಸ್ವಂತ ಕಾಕಾ ನನಗಾಗಿ ನಾಕು ಸಾಲು ಬಿತ್ತಿ ಕುಂತಾರ ಅನ್ನೋದು ಗೊತ್ತಿಲ್ಲದ, ಬ್ಯಾರೆಯವರ ಹೊಲಕ್ಕ ರೊಕ್ಕ ಕೊಟ್ಟು ಬಂದೀನಿ. ನಾಚಿಕಿ ಆಯ್ತು, ಸುಳ್ಳು ಯಾಕ ಹೇಳ್ಲಿ.

ಹಂಗಂತ ಹೇಳದ ಕೇಳದ ಬಾಗಿಲಿಗೆ ಹೋಗಿ ನಿಂದರ್ರಿ ಅಂತ ಹೇಳ್ಬೇಕಂತಿದ್ದೆ. "ಮೊದಲೆಲ್ಲಾ ಯಾರು ಫೋನ್ ಮಾಡಿ ಬರ್ತಿದ್ರು?" ಅಂತ ಗಾಡಿಯಾಗ ದೊಡ್ಡ ಭಾಷಣನ ಮಾಡಿದೆ. ನನ್ನ ಹೆಂಡತಿ ಒಂದ ಮಾತಿನಾಗ ಮುಗಿಸಿದಳು: "ನಿಮ್ಮ ನೆನಪಿಗೆ ಅವರ ಬೆನ್ನು ಯಾಕ ನೋಯಬೇಕ್ರಿ?" ಖರೇನ ಅದ. ಗಂಡಸರು ಕಟ್ಟಿ ಮ್ಯಾಲೆ ಕುಂತು ಹಳೇ ಕಥಿ ಹೇಳೋ ಹೊತ್ತಿನಾಗ ಒಳಗ ಕಾಕು ಆರು ಮಂದಿಗೆ ರೊಟ್ಟಿ ಬಡೀತಿದ್ಳು, ಅರವತ್ತೆಂಟರ ವಯಸ್ಸಿನಾಗ. ನಾವು "ಬ್ಯಾಡ್ರಿ" ಅಂದಿದ್ವಿ. "ಬ್ಯಾಡ್ರಿ" ಅಂದ್ರ ನಮ್ಮ ಕಡೆ "ಸ್ವಲ್ಪ ತಡಾ ಮಾಡಿ ಹಾಕ್ರಿ" ಅಂತ ಅರ್ಥ, ಅದು ನಿಮಗೂ ಗೊತ್ತು.

ಹಂಗಾಗಿ ಮೊಹೋಳದಿಂದ ಮುಂದ ಒಂದು ಒಪ್ಪಂದ ಮಾಡ್ಕೊಂಡ್ವಿ. ಹಿಂದಿನ ಊರಿಂದ ಫೋನ್ ಮಾಡೋದು. ಚಹಾ ಅಷ್ಟ ಅಂತ ಹೇಳೋದು. ಊಟಾ ಮಾಡಲೇಬೇಕಂದ್ರ ಮನಿಯಾಗ ಇದ್ದದ್ದ ಉಣ್ಣೋದು. ಖಡಕ್ ರೊಟ್ಟಿ ಅನ್ನೋದು ಇರೋದ ಅದಕ್ಕ ಅಲ್ಲೇನ್ರಿ? ಒಂದು ಸಲ ಬಡಿದು ಒಣಗಿಸಿ ಇಟ್ರ ತಿಂಗಳಗಟ್ಟಲೆ ಕೆಡಂಗಿಲ್ಲ. ಮೊಸರು, ಹಿಂಡಿ, ಒಂದು ಉಳ್ಳಾಗಡ್ಡಿ. ಬಂದವರೂ ಉಣ್ತಾರ, ಒಲಿ ಮುಂದಿನವರೂ ಹೊರಗ ಬಂದು ಮಾತಾಡ್ತಾರ.

ಇನ್ನೊಂದು, ರಾತ್ರಿ ಹೊಡೀಬ್ಯಾಡ್ರಿ. ಜನವರಿ ಅಂದ್ರ ಕಬ್ಬಿನ ಸುಗ್ಗಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದ ಲೈಟಿಲ್ಲ, ಕಬ್ಬಿನ ಗರಿ ಕಂಡಾಗ ಬ್ರೇಕ್ ಹಾಕೋ ಹೊತ್ತು ಮೀರಿರ್ತದ. ಕತ್ತಲಾದ ಮ್ಯಾಲೆ ಯಾರದರೆ ಮನಿ ಜಗಲಿ ಮ್ಯಾಲೆ ಮಲಗ್ರಿ.

ಸೋಲಾಪುರದಾಗ ಸಿದ್ಧರಾಮೇಶ್ವರನ ಜಾತ್ರಿ ನಡೆದಿತ್ತು. ಏಳು ನಂದಿಧ್ವಜ, ಕಾಲಿಡಾಕ ಜಾಗ ಇಲ್ಲ. ಅಲ್ಲಿ ಅಜ್ಜಂದಿರು ದೇವರಿಗೆ ಕನ್ನಡದಾಗ ಬೇಡ್ಕೋತಾರ, ಹೂವಿನವನ ಕೂಡ ಮರಾಠಿಯಾಗ ಜಗಳ ಆಡ್ತಾರ. ಅಲ್ಲಿಂದ ಮಂದ್ರೂಪಕ್ಕ, ದೊಡ್ಡವ್ವನ ಮನಿಗೆ. ಆಕೀ ಮೊಮ್ಮಗಳು ಕಲಿಯೋದು ಮಹಾರಾಷ್ಟ್ರ ಸರಕಾರದ ಕನ್ನಡ ಶಾಲಿಯಾಗ. ನನ್ನ ಮಗಳು ಪುಣೆದಾಗ ಇಂಗ್ಲಿಷ್ ಶಾಲಿ. ಇಬ್ಬರೂ ಅರ್ಧಾ ತಾಸು ಒಬ್ಬರ ಮುಖ ಒಬ್ಬರು ನೋಡಿ, ಆಮ್ಯಾಲೆ ಬೆಕ್ಕಿನ ಮರಿ ಹಿಂದ ಓಡಿದ್ರು.

ಹೊರಡೋ ಹೊತ್ತಿಗೆ ದೊಡ್ಡವ್ವ ಬಾಗಿಲಿಗೆ ಬಂದು ಕೇಳಿದಳು, "ಹೊಳ್ಳಿ ಯಾವ ದಾರೀಲೆ ಹೋಗ್ತೀಯೋ ತಮ್ಮಾ? ಅಕ್ಕಲಕೋಟಿ ಕಡೆ ನಿನಗೊಬ್ಬಾಕಿ ಸೋದರತ್ತಿ ಅದಾಳ, ನೀ ಆಕಿನ್ನ ನೋಡೇ ಇಲ್ಲ."

ಆ ಸಲ ಆಗಲಿಲ್ಲ, ರಜಾ ಮುಗಿದಿತ್ತು. ಬರೋ ತಿಂಗಳು ಹೊಂಟೀವಿ. ನಿನ್ನೆ ಫೋನ್ ಮಾಡಿದೆ, "ಅತ್ತಿ, ಚಹಾ ಅಷ್ಟ ನೋಡು" ಅಂದೆ. ಆಕಿ "ಹೂಂ" ಅಂದಳು. ಸ್ಪೀಕರ್ ಮ್ಯಾಲೆ ಆ ಹೂಂ ಕೇಳಿ ನನ್ನ ಹೆಂಡತಿ ಎದ್ದು ಹೋಗಿ, ಡಿಕ್ಕಿಯಾಗ ಒಂದು ಖಾಲಿ ಚೀಲ ಇಟ್ಟು ಬಂದಳು.