ವಾಯಿದೆ ಕೇಳಿದವನಿಗೆ ಸಿಕ್ಕ ಮನ್ನಾ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತನಿಗೆ ಸಾಲದ ಲೆಕ್ಕವನ್ನು ಯಾರೂ ಕಲಿಸಬೇಕಿಲ್ಲ. ಬೀಜ, ಗೊಬ್ಬರಕ್ಕೆ ಪಡೆದದ್ದೆಷ್ಟು, ಬಡ್ಡಿ ಎಷ್ಟು, ಎಲ್ಲ ಬಾಯಲ್ಲೇ ಇರುತ್ತದೆ. ಯೇಸುಸ್ವಾಮಿ ಪಾಪಕ್ಷಮೆಯನ್ನು ವಿವರಿಸಿದ್ದೂ ಇಂಥ ಲೆಕ್ಕದಲ್ಲೇ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಆ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಇದೆ.

ಅರಸನೊಬ್ಬ ಸೇವಕರ ಲೆಕ್ಕ ನೋಡಲು ಕೂತ. 10,000 ತಲಾಂತು ಬಾಕಿ ಇದ್ದವನನ್ನು ತಂದು ನಿಲ್ಲಿಸಿದರು. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಂದು ದಿನಾರಿ ಎಂದರೆ ಆಗಿನ ಆಳಿನ ಒಂದು ದಿನದ ಕೂಲಿ. ಗುಣಿಸಿ ನೋಡಿ, 6 ಕೋಟಿ ದಿನಗಳ ಕೂಲಿಯಾಯಿತು. ವರ್ಷಕ್ಕೆ 300 ದಿನ ದುಡಿದು, ಊಟಕ್ಕೂ ಮುಟ್ಟದೆ ಕಟ್ಟುತ್ತಾ ಬಂದರೂ 2 ಲಕ್ಷ ವರ್ಷ ಬೇಕು. ಅವನು ಅಡ್ಡಬಿದ್ದು ಬೇಡಿದ್ದೇನು? ಸ್ವಲ್ಪ ತಾಳಿಕೊಳ್ಳಿ, ಎಲ್ಲಾ ತೀರಿಸುತ್ತೇನೆ ಎಂದ. ಮನ್ನಾ ಕೇಳಲಿಲ್ಲ, ವಾಯಿದೆ ಕೇಳಿದ. ಪಾಪದಿಂದ ಬಿಡುಗಡೆ ಎಂಬ ರಕ್ಷಣೆಯನ್ನು ಜನ ಕೈತಪ್ಪಿಸಿಕೊಳ್ಳುವುದು ಬಹುಪಾಲು ಇಲ್ಲೇ. ಇನ್ನಷ್ಟು ಒಳ್ಳೆಯವನಾಗುತ್ತೇನೆ, ಆಮೇಲೆ ದೇವರ ಮುಂದೆ ನಿಲ್ಲುತ್ತೇನೆ ಎಂಬುದು ಅದೇ ವಾಯಿದೆ.

ಅರಸ ಕನಿಕರಪಟ್ಟು ಅಷ್ಟನ್ನೂ ಬಿಟ್ಟುಬಿಟ್ಟ. ಹೊರಗೆ ಬಂದವನೇ ಸೇವಕ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ನಾನು ಇದನ್ನು ಓದುವುದು ಹೀಗೆ: ಮನ್ನಾ ಆಯಿತೆಂಬುದು ಅವನ ಎದೆಗೆ ಇಳಿದಿರಲೇ ಇಲ್ಲ. ತೀರಿಸಬೇಕು, ಅದಕ್ಕೆ ವಸೂಲಿ ಮಾಡಬೇಕು ಎಂಬ ಧಾವಂತ ಬಿಟ್ಟಿರಲಿಲ್ಲ.

ಬಿಟ್ಟ ಸಾಲದ ಭಾರವನ್ನು ಯಾರಾದರೂ ಹೊರಲೇಬೇಕಲ್ಲ? ನಮ್ಮ ಮೇಲಿದ್ದ ಸಾಲದ ಪತ್ರವನ್ನು ದೇವರು ಕ್ರಿಸ್ತನ ಶಿಲುಬೆಗೆ ಜಡಿದು ತೆಗೆದುಹಾಕಿದರು ಎನ್ನುತ್ತಾನೆ ಅಪೊಸ್ತಲ ಪೌಲ, ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರ ವರ, ಕ್ರಿಯೆಗಳ ಫಲವಲ್ಲ ಎಂಬುದು ಎಫೆಸದವರಿಗೆ ಬರೆದ ಮಾತು. ಇದರ ಮೇಲೆ ಶತಮಾನಗಳ ಕಾಲ ಜಗಳವಾಡಿದ ಕಥೋಲಿಕರೂ, ಮಾರ್ಟಿನ್ ಲೂಥರನ ಪರಂಪರೆಯ ಪ್ರೊಟೆಸ್ಟೆಂಟರಾದ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ, ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ ಎಂದು ಒಟ್ಟಿಗೆ ಸಹಿ ಹಾಕಿದರು.

ಹರಿಹರದ ಆರೋಗ್ಯ ಮಾತೆಯ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ, ಹರಕೆ ಒಪ್ಪಿಸುತ್ತಾರೆ. ಕೃತಜ್ಞತೆಯಿಂದ ಕೊಟ್ಟರೆ ಅದು ಚೆಂದ. ಪಾಪದ ಬಾಕಿಗೆ ಕಟ್ಟಿದ ಕಂತು ಎಂದುಕೊಂಡರೆ ಎಡವಟ್ಟಾಗುತ್ತದೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಫರಿಸಾಯನಿಗೆ, ಅಂದರೆ ಕಟ್ಟುನಿಟ್ಟಿನ ಯೆಹೂದಿ ಪಂಗಡದವನಿಗೆ, ಆದದ್ದು ಅದೇ. ಧರ್ಮಶಾಸ್ತ್ರ ವಿಧಿಸಿದ್ದು ವರ್ಷಕ್ಕೆ ಒಂದು ದಿನದ ಉಪವಾಸ. ಅವನು ವಾರಕ್ಕೆ ಎರಡು ಮಾಡುತ್ತಿದ್ದ, ಸಂಪಾದಿಸಿದ್ದರಲ್ಲೆಲ್ಲ ದಶಮಾಂಶ ಕೊಡುತ್ತಿದ್ದ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನಲ್ಲ, ಅಲ್ಲೇ ಎದೆ ಬಡಿದುಕೊಂಡು ಕರುಣೆ ಬೇಡಿದ ಸುಂಕದವನು, ಅಂದರೆ ಜನ ಪಾಪಿಯೆಂದು ಹೀಗಳೆಯುತ್ತಿದ್ದ ತೆರಿಗೆ ವಸೂಲಿಗಾರ. ತಾತನ ಕಾಲದಿಂದಲೂ ನಾವು ಚರ್ಚಿನವರು ಎನ್ನುವವರಿಗೆ ವಂಶವನ್ನೇ ನೆಚ್ಚಿದ್ದ ಯೆಹೂದ್ಯರಿಗೆ ಪ್ರವಾದಿ ಸ್ನಾನಿಕ ಯೋಹಾನ ಕೊಟ್ಟ ಖಡಾಖಂಡಿತ ಮಾತೇ ಉತ್ತರ: ಅಬ್ರಹಾಮ ನಮ್ಮ ಮೂಲಪುರುಷ ಎಂದು ಮನಸ್ಸಿನಲ್ಲಿ ಅಂದುಕೊಳ್ಳಬೇಡಿ.

ಇನ್ನೊಂದು ಸೋಲು ಮುಂದೂಡುವುದರದು. ಕೈಸರೈಯದಲ್ಲಿ ರೋಮನ್ ರಾಜ್ಯಪಾಲ ಫೇಲಿಕ್ಸ, ತನ್ನ ಸೆರೆಯಲ್ಲಿದ್ದ ಪೌಲನ ಮಾತು ಕೇಳಿ ನಡುಗಿದ. ಸದ್ಯಕ್ಕೆ ಹೋಗು, ಬಿಡುವಾದಾಗ ಕರೆಸುತ್ತೇನೆ ಎಂದ. ಕರೆಸಿದ್ದೂ ನಿಜ, ಹಲವು ಸಲ, ಲಂಚದ ಆಸೆಯಿಂದ. ಎರಡು ವರ್ಷ ಹಾಗೆಯೇ ಕಳೆಯಿತು. ನಡುಗಿದ್ದು ನಿಜ, ತಿರುಗಿಕೊಳ್ಳಲಿಲ್ಲ. ಫಿಲಿಪ್ಪಿಯ ಸೆರೆಯ ಯಜಮಾನನಾದರೋ ರಕ್ಷಣೆ ಹೊಂದಲು ಏನು ಮಾಡಬೇಕೆಂದು ಕೇಳಿದ ಆ ರಾತ್ರಿಯೇ ಕೈದಿಗಳಾಗಿದ್ದ ಪೌಲ, ಸೀಲರ ಗಾಯ ತೊಳೆದ, ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದ, ಅವರಿಗೆ ಊಟ ಬಡಿಸಿದ.

ಮನಸ್ಸು ಮಾಡಿದವರು ಎಲ್ಲಿಂದ ಶುರು ಮಾಡಬೇಕು? ಪಾಪಗಳು ಎಂದು ಒಟ್ಟಾರೆ ಹೇಳದೆ, ಆ ಸುಳ್ಳು, ಆ ಮೋಸದ ತೂಕ, ಆ ದ್ವೇಷ ಎಂದು ಹೆಸರಿಟ್ಟು ದೇವರಲ್ಲಿ ಹೇಳಿ. ಸುಂಕದವನಂತೆ ಕರುಣೆ ಬೇಡಿ. ಕ್ರಿಸ್ತ ನಿಮ್ಮ ಬದಲು ಸತ್ತು ಎದ್ದರೆಂದು ನಂಬಿ, ಅದನ್ನು ಬಾಯಿಂದ ಒಪ್ಪಿಕೊಳ್ಳಿ. ಆಮೇಲೆ ಸಭಾಪಾಲಕರನ್ನೋ ಗುರುಗಳನ್ನೋ ಕಂಡು ದೀಕ್ಷಾಸ್ನಾನದ ವಿಷಯ ಮಾತಾಡಿ. ಯಾರದಾದರೂ ಹಣ ಕಿತ್ತುಕೊಂಡಿದ್ದರೆ ಹಿಂದಿರುಗಿಸಿ. ಯೆರಿಕೋದ ಸುಂಕದವರ ಮುಖ್ಯಸ್ಥ ಜಕ್ಕಾಯ ಅರ್ಧ ಆಸ್ತಿಯನ್ನು ಬಡವರಿಗೆ ಕೊಡಲು, ಮೋಸ ಮಾಡಿ ಪಡೆದದ್ದನ್ನು ನಾಲ್ಕರಷ್ಟು ತಿರುಗಿ ಕೊಡಲು ಎದ್ದು ನಿಂತದ್ದು ಯೇಸು ಅವನ ಮನೆಗೆ ಬಂದ ಮೇಲೆ. ಬರುವುದಕ್ಕೆ ಅದು ಷರತ್ತಾಗಿರಲಿಲ್ಲ.

ನಮಸ್ಕಾರ.