ಪೇಡೆಗೆ ಆ ಬಣ್ಣ ಎಲ್ಲಿಂದ ಬಂತು?

ಕೇಳುಗರೇ, ನಮಸ್ಕಾರ. ಹೋದ ವಾರ ಮನೆಗೆ ಒಂದು ಡಬ್ಬಿ ಧಾರವಾಡ ಪೇಡೆ ತಂದಿದ್ದೆ. ನಮ್ಮ ಅಣ್ಣನ ಮಗಳು ಆರನೇ ಕ್ಲಾಸು. ಒಂದು ಪೇಡೆ ಮುರಿದು ಒಳಗೆಲ್ಲ ನೋಡಿ, "ಕಾಕಾ, ಹಾಲೂ ಬೆಳ್ಳಗ, ಸಕ್ರಿನೂ ಬೆಳ್ಳಗ, ಇದ್ಯಾಕ ಕಂದು? ಬಣ್ಣ ಹಾಕ್ತಾರೇನು?" ಅಂದಳು. ಎಂಥಾ ಒಳ್ಳೆ ಪ್ರಶ್ನೆ ಅಲ್ವಾ? ಸುಮ್ನೆ ಬಾಯಿಮಾತಲ್ಲಿ ಉತ್ತರ ಹೇಳೋಕೆ ಮನಸ್ಸಾಗಲಿಲ್ಲ. ಮರುದಿನ ಒಂದು ಲೀಟರ್ ಎಮ್ಮೆ ಹಾಲು ತಂದು ಇಬ್ಬರೂ ಒಲೆ ಮುಂದೆ ನಿಂತೆವು.

ಮೊದಲು, ಹಾಲು ಯಾಕೆ ಬೆಳ್ಳಗಿದೆ? ಅದರಲ್ಲಿ ಬಿಳಿ ಬಣ್ಣ ಅಂತ ಏನೂ ಇಲ್ಲ. ನೂರಕ್ಕೆ 80 ಪಾಲಿಗಿಂತ ಜಾಸ್ತಿ ನೀರೇ. ಆ ನೀರಲ್ಲಿ ಕೊಬ್ಬಿನ ಸಣ್ಣ ಹನಿಗಳು, ಕೇಸೀನ್ ಅನ್ನೋ ಪ್ರೋಟೀನಿನ ಇನ್ನೂ ಸಣ್ಣ ಉಂಡೆಗಳು ತೇಲುತ್ತಿರುತ್ತವೆ. ಬಿದ್ದ ಬೆಳಕನ್ನೆಲ್ಲ ಅವು ಎಲ್ಲಾ ಕಡೆಗೂ ಚದುರಿಸುತ್ತವೆ, ಅದು ನಮ್ಮ ಕಣ್ಣಿಗೆ ಬಿಳಿ. ಮೋಡವೂ ಹೀಗೇ. ಆಕಳ ಹಾಲಲ್ಲಿ ಸ್ವಲ್ಪ ಹಳದಿ ಇರುತ್ತದೆ, ಅದು ಹಸಿರು ಮೇವಿನಿಂದ ಬಂದ ಕ್ಯಾರೋಟೀನು. ಎಮ್ಮೆ ಅದನ್ನು ತನ್ನ ಮೈಯೊಳಗೇ ವಿಟಮಿನ್ ಎ ಮಾಡಿಕೊಂಡುಬಿಡುತ್ತದೆ.

ಹಾಲು ಕುದಿಯಿತು. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 100 ಡಿಗ್ರಿಗೆ ಮುಂಚೆಯೇ, 98ರ ಆಸುಪಾಸಲ್ಲಿ ಕುದಿಯುತ್ತದೆ. ಒಮ್ಮೆ ಕುದಿ ಬಂದ ಮೇಲೆ ಬೆಂಕಿ ಎಷ್ಟು ಜೋರು ಮಾಡಿದರೂ ಬಿಸಿ ಅಲ್ಲೇ ನಿಲ್ಲುತ್ತದೆ, ಯಾಕಂದ್ರೆ ಬಂದ ಶಾಖವೆಲ್ಲ ನೀರನ್ನು ಹಬೆ ಮಾಡೋದಕ್ಕೇ ಖರ್ಚಾಗುತ್ತದೆ. ಮುಕ್ಕಾಲು ತಾಸು ಕೈ ಬಿಡದೆ ಸೌಟು ಆಡಿಸಿದೆವು. ಲೀಟರ್ ಹಾಲು ಇಂಗಿ ಕಾಲು ಕಿಲೋಗಿಂತ ಕಡಿಮೆ ಖವಾ ಆಯಿತು. ಇನ್ನೂ ಕೆನೆ ಬಣ್ಣವೇ!

ನಿಜವಾದ ಕೆಲಸ ಶುರುವಾಗೋದು ಇಲ್ಲಿಂದ. ನೀರು ಹೋಯಿತು, ತಡೆ ಹೋಯಿತು. ಪಾತ್ರೆ ತಳದಲ್ಲಿ ಬಿಸಿ 100 ದಾಟಿ ಮೇಲೇರಿತು. ಆಗ ಹಾಲಿನದೇ ಸಕ್ಕರೆ, ಅಂದ್ರೆ ಲ್ಯಾಕ್ಟೋಸು, ಪ್ರೋಟೀನಿನ ಜೊತೆ ಭರದಿಂದ ಕೂಡಿಕೊಳ್ಳುತ್ತದೆ. ಅದರಿಂದ ಹುಟ್ಟುವ ಹೊಸ ಪದಾರ್ಥಗಳೇ ಆ ಕಂದು ಬಣ್ಣ, ಆ ಘಮ. ಸಕ್ಕರೆಯೂ, ಪ್ರೋಟೀನು ಕಟ್ಟುವ ಸಣ್ಣ ತುಣುಕುಗಳಾದ ಅಮೈನೋ ಆಮ್ಲವೂ ಹೀಗೆ ಕೂಡಿ ಕಂದಾಗೋದನ್ನು ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದರು. ಹಂಚಿನ ಮೇಲಿನ ರೊಟ್ಟಿಯ ಕಂದು ಚುಕ್ಕೆ, ಹುರಿದ ಶೇಂಗಾದ ವಾಸನೆ, ಎಲ್ಲದರಲ್ಲೂ ಇದೇ ಕೆಲಸ. ನಾವು ಮೇಲಿಂದ ಹಾಕುವ ಸಕ್ಕರೆ ನೇರವಾಗಿ ಇದರಲ್ಲಿ ಸೇರೋದಿಲ್ಲ, ಅದು ಸಿಹಿಗೆ ಮಾತ್ರ. ಹುಡುಗಿ ಬಗ್ಗಿ ನೋಡುತ್ತಿದ್ದಂತೆಯೇ ಸೌಟಿನ ಅಂಚಿನಲ್ಲಿ ಒಂದು ಕಂದು ಗೆರೆ ಎದ್ದಿತು, ಎರಡು ಸಲ ತಿರುವಿದ್ದಕ್ಕೆ ಇಡೀ ಮುದ್ದೆಗೆ ಹರಡಿತು. ಒಂದು ನಿಮಿಷ ಮೈಮರೆತರೆ ಕಪ್ಪು. ಪೇಡೆ ಮಾಡುವವರು ಥರ್ಮಾಮೀಟರ್ ಇಲ್ಲದೆ ಮೂಗಿನಿಂದಲೇ ಆ ಹದ ಹಿಡಿಯುತ್ತಾರಲ್ಲ, ಅದು ನನಗೆ ದೊಡ್ಡ ವಿದ್ಯೆ ಅನಿಸುತ್ತದೆ.

ಹಿಂದೆ ಕೂತಿದ್ದ ಅವ್ವ, "ತಿನ್ನು, ಎಲುಬು ಗಟ್ಟಿ ಆಗ್ತಾವ" ಅಂದಳು. ಹಾಲಿನ ಕ್ಯಾಲ್ಸಿಯಮ್ಮಿನ ಮಾತು ಅದು. ಎಮ್ಮೆಗೆ ಕ್ಯಾಲ್ಸಿಯಂ ಬಂದಿದ್ದು ಮೇವಿನಿಂದ, ಮೇವಿಗೆ ಮಣ್ಣಿನಿಂದ. ಮಣ್ಣಿಗೆ? ದೊಡ್ಡ ನಕ್ಷತ್ರಗಳ ಒಡಲಲ್ಲಿ, ನಕ್ಷತ್ರಗಳು ಸಿಡಿಯುವಾಗ ತಯಾರಾಗಿದ್ದು ಅದು. ನಮ್ಮ ಸೂರ್ಯ, ಭೂಮಿ ಹುಟ್ಟಿ ಸುಮಾರು 460 ಕೋಟಿ ವರ್ಷ ಆಯಿತು. ಆ ಸಿಡಿತಗಳು ಅದಕ್ಕೂ ಹಿಂದಿನವು.

"ಹಂಗಾರ ನನ್ನ ಹಲ್ಲಿನಾಗ ಇರೋದೂ ಅದೇನು ಕಾಕಾ?"

ಹೌದು, ಅದೇ ಅಂದೆ. ಅವಳು ಬಾಯಲ್ಲಿದ್ದ ಪೇಡೆ ನುಂಗಿ, ಬೆರಳಿಂದ ಮುಂದಿನ ಹಲ್ಲು ಮುಟ್ಟಿ ನೋಡಿಕೊಂಡಳು. ನಾನೂ ನೋಡಿಕೊಂಡೆ.