ಫ್ರಿಯೋ ಹೊಳೆಯ ದಡದಲ್ಲಿ ಒಂದು ರಾತ್ರಿ

ಕೇಳುಗರೇ, ನಮಸ್ಕಾರ.

ಟೆಕ್ಸಾಸಿನಲ್ಲಿರುವ ಕನ್ನಡದವರು ಬೇಸಿಗೆ ರಜೆಗೆ ಎಲ್ಲಿ ಹೋಗೋಣ ಅಂತ ಕೇಳಿದರೆ ನಾನು ಹೇಳುವುದು ಒಂದೇ ಹೆಸರು. ಗಾರ್ನರ್ ಸ್ಟೇಟ್ ಪಾರ್ಕ್. ಸ್ಯಾನ್ ಆಂಟೋನಿಯೊದಿಂದ ಪಶ್ಚಿಮಕ್ಕೆ, ಕಾಂಕ್ಯಾನ್ ಎಂಬ ಸಣ್ಣ ಊರಿನ ಹತ್ತಿರ ಇದೆ. 1941ರಲ್ಲಿ ಶುರುವಾದ ಪಾರ್ಕು. ಟೆಂಟ್ ಹಾಕಲು ಜಾಗ ಬೇಕಿದ್ದರೆ ಮಾತ್ರ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಅಷ್ಟು ಜನ.

ಅಲ್ಲಿಯ ಹೊಳೆ ಫ್ರಿಯೋ. ಸ್ಪ್ಯಾನಿಷ್ ಭಾಷೆಯಲ್ಲಿ ಫ್ರಿಯೋ ಅಂದರೆ ತಣ್ಣಗೆ ಅಂತಲೇ ಅರ್ಥ. ಮೇಲೆ ಸುಡುಬಿಸಿಲು, ನೀರಿಗೆ ಕಾಲಿಟ್ಟರೆ ಜುಂ ಅನ್ನುತ್ತದೆ. ಸುಣ್ಣಕಲ್ಲಿನ ಗುಡ್ಡಗಳ ಒಳಗಿಂದ ಬರುವ ಒರತೆ ನೀರು ಅದು. ಸೊಂಟದವರೆಗೆ ಮುಳುಗಿ ನಿಂತರೂ ಕಾಲ್ಬೆರಳು ಎಣಿಸಬಹುದು. ದಡದಲ್ಲಿ ದೊಡ್ಡ ದೊಡ್ಡ ಸೈಪ್ರಸ್ ಮರಗಳು. ನನ್ನ ಮಗಳು ಅವುಗಳ ಬೇರನ್ನೇ ಮೆಟ್ಟಿಲು ಮಾಡಿಕೊಂಡು ಇಳಿದು, ಟ್ಯೂಬ್ ಮೇಲೆ ಕೂತು ತೇಲಿ ಹೋದಳು.

ಕತ್ತಲಾದ ಮೇಲೆ ಕುಣಿತ. 1930ರ ದಶಕದಲ್ಲಿ ಸರ್ಕಾರಿ ಯೋಜನೆಯ ಯುವಕರು ಕಟ್ಟಿದ ಕಲ್ಲಿನ ಕಟ್ಟಡದ ಪಕ್ಕ ಜೂಕ್‌ಬಾಕ್ಸ್ ಎಂಬ ಹಾಡಿನ ಪೆಟ್ಟಿಗೆ ಹಾಡುತ್ತದೆ. ತಲೆ ಒದ್ದೆ ಇರುವ ಮಕ್ಕಳು, ಅಜ್ಜ ಅಜ್ಜಿಯರು, ಎಲ್ಲರೂ ಕುಣಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಮೂರು ತಲೆಮಾರು ಇಲ್ಲೇ ಕುಣಿದಿದೆ.

ಆದರೆ ಒಂದು ಮಾತು ಹೇಳಲೇಬೇಕು. ನಾನು ತುಂಗೆಯ ದಡದಲ್ಲಿ ಬೆಳೆದವನು. ನಮ್ಮಜ್ಜ ಹೊಳೆಗೆ ಇಳಿಯುವ ಮೊದಲು ನೀರಿನ ಅಂಚಿಗೆ ಒಂದು ಕಲ್ಲಿಡುತ್ತಿದ್ದರು. ಕಲ್ಲು ಮುಳುಗಿತೋ, ಎಲ್ಲರೂ ಮೇಲೆ ಬರಬೇಕು. ಇಲ್ಲಿ ಮಳೆ ಇಲ್ಲದಿದ್ದರೇನು, ಘಟ್ಟದ ಮೇಲೆ ಸುರಿದಿರುತ್ತದೆ ಅಲ್ವಾ?

ಟೆಕ್ಸಾಸಿನ ಆ ಗುಡ್ಡಸೀಮೆಯಲ್ಲಿ ಈ ಭಯ ಇನ್ನೂ ಜಾಸ್ತಿ. ಬಂಡೆಯ ಮೇಲೆ ಮಣ್ಣು ತೆಳ್ಳಗೆ. ಜೋರು ಮಳೆ ಬಂದರೆ ನೀರು ಇಂಗುವುದಿಲ್ಲ, ನೇರ ಹೊಳೆಗೇ ನುಗ್ಗುತ್ತದೆ. 2025ರ ಜುಲೈ 4ರ ನಸುಕಿನಲ್ಲಿ ಅದೇ ಸೀಮೆಯ ಗ್ವಾಡಲೂಪೆ ನದಿ ಉಕ್ಕಿತು. ಆ ನೆರೆಯಲ್ಲಿ 100ಕ್ಕೂ ಹೆಚ್ಚು ಜನ ತೀರಿಹೋದರು. ಬೇಸಿಗೆ ಶಿಬಿರಕ್ಕೆ ಬಂದಿದ್ದ ಪುಟ್ಟ ಹುಡುಗಿಯರೂ ಇದ್ದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಟೆಂಟನ್ನು ದಡಕ್ಕೆ ಅಂಟಿಸಬೇಡಿ. ಫೋನಿನ ಎಚ್ಚರಿಕೆ ಗಂಟೆ ಆರಿಸಬೇಡಿ. ಈಜು ಬಂದರೂ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿ.

ಆ ರಾತ್ರಿ ಮಗಳು ಮಲಗಿದ ಮೇಲೆ ಟಾರ್ಚ್ ಹಿಡಿದು ಹೊಳೆಯ ಹತ್ತಿರ ಹೋದೆ. ಸಂಜೆ ನೀರಿನ ಅಂಚಿಗೆ ನಾನೂ ಒಂದು ಕಲ್ಲಿಟ್ಟಿದ್ದೆ. ಒಣಗಿಯೇ ಇತ್ತು. ಬಂದು ಮಲಗಿದೆ.